ಸಂಡೂರು ನೋಡೋದಿದ್ರೆ ಮಾರ್ಚ್‌ನಲ್ಲಿ ಬರ್ರಿ

"ಏನ್ ಮಾಮ, ಕಾಡು ತೋರಿಸ್ತೀನಿ ಅಂತ ಕರ್ಕೊಂಡು ಬಂದು ಸೌದೆ ಡಿಪೋ ತೋರಿಸ್ತಿದ್ದೀರಾ?"

ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ, ನಮ್ಮ ಹೊಲ ದಾಟಿ ಗುಡ್ಡದ ಬುಡಕ್ಕೆ ಬಂದಾಗ ಅಕ್ಕನ ಮಗ ಕೇಳಿದ ಮಾತು ಇದು. ಹುಟ್ಟಿದ್ದು ಸಂಡೂರಲ್ಲೇ ಆದ್ರೂ ಬೆಳೆದದ್ದೆಲ್ಲ ಬೆಂಗಳೂರು. ಅವನ ಫೋನಿನಲ್ಲಿರೋ ಸಂಡೂರೇ ಬೇರೆ. ಅಲ್ಲಿ ಗುಡ್ಡದ ತಲೆ ಮೇಲೆ ಮೋಡ ಕೂತಿರುತ್ತೆ, ಡ್ರೋನು ಮೆಲ್ಲಗೆ ತೇಲುತ್ತೆ, ಕೆಳಗೆಲ್ಲ ಹಸಿರು ಕಂಬಳಿ. ಅಡಿಯಲ್ಲಿ ಒಂದು ಒಕ್ಕಣೆ: 'ಬಿಸಿಲನಾಡಿನ ಮಲೆನಾಡು'.

ಆ ಒಕ್ಕಣೆ ಕಂಡ್ರೆ ನನಗೆ ಮೈ ಉರಿಯುತ್ತೆ. ನಮ್ಮದು ಮಲೆನಾಡಲ್ಲ ಮಾರಾಯ್ರೆ. ಮಲೆನಾಡಿನ ಹಾಗೆ ಕಂಡಾಗ ಮಾತ್ರ ಇದು ಕಾಡು ಅನ್ನೋದಾದ್ರೆ ಉಳಿದ ಎಂಟು ತಿಂಗಳು ಇದೇನು? ಕುರುಚಲು ಗಿಡ? ಬಂಜರು? ಸರ್ಕಾರಿ ಕಾಗದದಲ್ಲಿ ಬರೆಯೋ ಹಾಗೆ 'ಕ್ಷೀಣಿಸಿದ ಅರಣ್ಯ'?

"ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ" ಅಂತ ಗಾಂಧೀಜಿ ಹೇಳಿದ್ರು ಅನ್ನೋದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು. ಲಾಡ್ಜಿನ ಗೋಡೆ ಮೇಲಿದೆ, ಶಾಲೆ ಮಕ್ಕಳ ಭಾಷಣದಲ್ಲಿದೆ, ಪ್ರವಾಸೋದ್ಯಮದ ಪೋಸ್ಟರಿನಲ್ಲಿದೆ. ಅವರು ಇಲ್ಲಿಗೆ ಬಂದದ್ದು 1934ರಲ್ಲಿ, ಅಸ್ಪೃಶ್ಯತೆ ವಿರುದ್ಧದ ಹರಿಜನ ಪ್ರವಾಸದ ಕಾಲಕ್ಕೆ. ಅದಕ್ಕೆ ಎರಡು ವರ್ಷ ಮೊದಲೇ ಸಂಡೂರು ಸಂಸ್ಥಾನದ ಘೋರ್ಪಡೆ ದೊರೆ ದೇವಸ್ಥಾನದ ಬಾಗಿಲನ್ನ ಹರಿಜನರಿಗೆ ತೆರೆಸಿದ್ರು, ಗಾಂಧೀಜಿಗೆ ಅದರ ಮೆಚ್ಚುಗೆ ಇತ್ತು. ಇಷ್ಟು ಎಲ್ಲರೂ ಹೇಳ್ತಾರೆ. ಯಾರೂ ಹೇಳದೇ ಇರೋದು ಒಂದಿದೆ. ಆ ಪ್ರವಾಸ ಕರ್ನಾಟಕದಲ್ಲಿ ನಡೆದದ್ದು ಫೆಬ್ರುವರಿ ಕೊನೆ, ಮಾರ್ಚ್ ಮೊದಲ ದಿನಗಳಲ್ಲಿ! ಅಂದ್ರೆ ಮುದುಕಪ್ಪ ನೋಡಿದ್ದು ಎಲೆ ಉದುರಿಸಿಕೊಂಡು ನಿಂತ ಇದೇ ಬೋಳು ಗುಡ್ಡ. ಸೆಪ್ಟೆಂಬರ್ ಮಾತನ್ನ ಅವರಿಗೆ ಊರವರು ಯಾರೋ ಕಿವಿಗೆ ಹಾಕಿರಬೇಕು. "ಈಗ ಬಂದೀರಲ್ಲ ಸ್ವಾಮಿ, ಮಳೆಗಾಲ ಮುಗಿದ ಮೇಲೆ ಬರಬೇಕಿತ್ತು" ಅಂತ. ನಮ್ಮವರ ಬಾಯಿ ನನಗೆ ಗೊತ್ತಿಲ್ಲವೇ. ಯಾರು ಬಂದ್ರೂ ಹಾಗೇ ಅಂತಾರೆ, ತಪ್ಪು ಸಮಯಕ್ಕೆ ಬಂದ್ರಿ ಅಂತ.

ನಾನು ಅಳಿಯನಿಗೆ ಹಾಗೆ ಹೇಳಲಿಲ್ಲ. ನಡಿ ಅಂದೆ.

ನಮ್ಮದು ನಾಲ್ಕೆಕರೆ ಮಸಾರಿ. ಜೋಳ ಕೊಯ್ದು ಆಗಿದೆ, ಕೂಳೆ ನಿಂತಿದೆ. ತೊಗರಿ ಕಟ್ಟಿಗೆ ಬದುವಿನ ಮೇಲೆ ಒಟ್ಟಿದೆ, ಅದು ಅವ್ವನ ಒಲೆಗೆ. ಗ್ಯಾಸ್ ಇದ್ರೂ ರೊಟ್ಟಿಗೆ ಒಲೆಯೇ ಆಗಬೇಕು ಅವಳಿಗೆ. ಬದುವಿನ ಬೇವು ಯುಗಾದಿಗೆ ತಯಾರಾಗ್ತಿದೆ, ತಾಮ್ರದ ಬಣ್ಣದ ಚಿಗುರು. ಈ ಚಿಗುರು ಇನ್ನೊಂದು ವಾರ ಮಾತ್ರ ಈ ಬಣ್ಣ. ಆಮೇಲೆ ಅದರ ಮೇಲೆ ಕೂರೋದು ನಮ್ಮೂರಿನ ಇನ್ನೊಂದು ಬಣ್ಣ.

ಪಕ್ಕದ ಹೊಲದ ಮುಂದೆ ಅಳಿಯ ನಿಂತ. ಅಲ್ಲಿ ಏನೂ ಬೆಳೆದಿಲ್ಲ. ನೆಲ ಉಬ್ಬು ತಗ್ಗು, ಕಪ್ಪು ನೀಲಿ ಹರಳು ಬಿಸಿಲಿಗೆ ಮಿಂಚುತ್ತೆ. ಚಂದ ಇದೆ ಅಂತ ಫೋಟೋ ತೆಗೆದ. ಅದು ಕಬ್ಬಿಣದ ಅದಿರು ಕಣೋ ಅಂದೆ. 2003, 2004ರ ಹೊತ್ತಿಗೆ ಚೀನಾ ದೇಶ ನಮ್ಮ ಅದಿರಿಗೆ ಬಾಯಿ ತೆರೆದು ಕೂತಾಗ ಗುಡ್ಡದ್ದಷ್ಟೇ ಅಲ್ಲ, ಗುಡ್ಡದಿಂದ ಮಳೆಗೆ ಉರುಳಿ ಬಂದು ಹೊಲದಲ್ಲಿ ಬಿದ್ದಿದ್ದ ಚೂರೂ ಬಂಗಾರವಾಯ್ತು. 'ಫ್ಲೋಟ್' ಅಂತಿದ್ರು ಅದಕ್ಕೆ. ಈ ಹೊಲದ ಯಜಮಾನ ಮೊದಲು ಫ್ಲೋಟ್ ಆರಿಸೋಕೆ ಕೊಟ್ಟ. ಆಮೇಲೆ ಅದಿರು ಸುರಿಯೋ ಸ್ಟಾಕ್‌ಯಾರ್ಡಿಗೆ ಬಾಡಿಗೆಗೆ ಕೊಟ್ಟ. ಬಂದ ದುಡ್ಡಿನ ಮೇಲೆ ಸಾಲ ತೆಗೆದು ಎರಡು ಟಿಪ್ಪರ್ ತಗೊಂಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಟಿಪ್ಪರ್ ಎರಡೂ ಮನೆ ಮುಂದೆ ನಿಂತವು. ಒಂದರ ಟ್ರಾಲಿಯಲ್ಲಿ ಕೋಳಿ ಸಾಕಿದ್ರು. ಸುಳ್ಳಲ್ಲ, ನಾನೇ ನೋಡಿದ್ದು. ಹೊಲ ಅಂತೂ ಇವತ್ತಿಗೂ ಹೊಲ ಆಗಿಲ್ಲ. ಎರಡು ಸಲ ಕೆರೆ ಮಣ್ಣು ಹೊಡೆಸಿದ, ನೇಗಿಲು ಹಾಕಿದ್ರೆ ಮತ್ತೆ ಅದೇ ಹರಳು ಮೇಲೆ ಬರುತ್ತೆ.

ಅವನನ್ನ ಆಡಿಕೊಳ್ಳೋ ಯೋಗ್ಯತೆ ನನಗಿಲ್ಲ. ಆಗ ನಾನು ವೇಬ್ರಿಜ್‌ನಲ್ಲಿ ಚೀಟಿ ಬರೆಯೋನು. ರಾತ್ರಿ ಪಾಳಿ. ಲಾರಿ ಬರೋದು, ತೂಕ ಬರೆಯೋದು, ಚೀಟಿ ಹರಿದು ಕೊಡೋದು. ಒಂದು ರಾತ್ರಿಗೆ ಎಷ್ಟು ಲಾರಿ ಅಂತ ಕೇಳಬೇಡ್ರಿ. ಬೆಳಿಗ್ಗೆ ಮೂಗು ಸೀಂಟಿದ್ರೆ ಕರವಸ್ತ್ರ ಕೆಂಪಾಗ್ತಿತ್ತು. ಆ ಪಗಾರದಲ್ಲೇ ತಂಗಿ ಮದುವೆ ಆಗಿದ್ದು, ಮನೆಗೆ ಆರ್‌ಸಿಸಿ ಬಿದ್ದಿದ್ದು. ಹಾಗಾಗಿ ಗಣಿ ಪೂರ್ತಿ ನಿಲ್ಲಬೇಕು ಅಂತ ಎದೆ ತಟ್ಟಿ ಹೇಳೋ ಮನುಷ್ಯ ನಾನಲ್ಲ. 2013ರಲ್ಲಿ ಕೋರ್ಟೇ ಗಣಿಗಳನ್ನ ಅಕ್ರಮ ಎಷ್ಟು ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ, ಸಿ ದರ್ಜೆಯವನ್ನ ರದ್ದು ಮಾಡಿ ಉಳಿದವಕ್ಕೆ ಷರತ್ತು ಹಾಕಿ ದಾರಿ ಬಿಟ್ಟಿತು. ಅದು ಒಂದು ಲೆಕ್ಕಕ್ಕೆ ಸರಿ ಅಂತಲೇ ಅನ್ನಿಸಿತ್ತು ನನಗೆ. ನನ್ನ ತಕರಾರು ಬೇರೆ ಇದೆ, ಬರ್ತೀನಿ ಅದಕ್ಕೆ.

ಹೊಲ ಮುಗಿದು ಗುಡ್ಡ ಶುರುವಾಗೋ ನಡುವೆ ಒಂದು ಪಟ್ಟಿ ಇದೆ, ಪೂರಾ ಬಳ್ಳಾರಿ ಜಾಲಿ. ಅಳಿಯ ಹೆಸರು ಕೇಳಿ ಖುಷಿಪಟ್ಟ, "ನಮ್ಮ ಜಿಲ್ಲೆ ಗಿಡಾನಾ?" ಅಂತ. ನಗು ಬಂತು. ಇದರ ತವರು ಅಮೆರಿಕ ಖಂಡ, ಮೆಕ್ಸಿಕೋ ಕಡೆಯದು. 19ನೇ ಶತಮಾನದ ಕೊನೆಗೆ ಬ್ರಿಟಿಷರ ಕಾಲದಲ್ಲಿ ಬರಗಾಲದ ನೆಲಕ್ಕೆ ಹಸಿರು ಹಿಡಿಸ್ತೀವಿ ಅಂತ ತಂದು ಬಿತ್ತಿದ್ದು. ಬಿತ್ತಿದವರು ಹೋದ್ರು, ಜಾಲಿ ಉಳೀತು, ಹೆಸರು ಮಾತ್ರ ನಮ್ಮ ತಲೆಗೆ. ನಮ್ಮ ಜಿಲ್ಲೆ ಹೆಸರು ಹೊತ್ತ ಒಂದೇ ಗಿಡ ನಮ್ಮದಲ್ಲ. ನಮ್ಮದೇ ಆದ ಕಾರೆ, ಕವಳಿ, ಬಾರಿ, ತುಗ್ಗಲಿ ಇವಕ್ಕೆ ಕೂಡಿಸಿ ನಾವಿಟ್ಟ ಹೆಸರು 'ಕಂಟಿ'. ಕಡಿಯೋದಕ್ಕೆ ಮೊದಲು ಇಡೋ ಹೆಸರು ಅದು.

ಇಲ್ಲೊಂದು ಪಾಪ ನಿವೇದನೆ ಮಾಡಿಬಿಡ್ತೀನಿ. ಹನ್ನೆರಡು ವರ್ಷದ ಹಿಂದೆ ನಾವೇ ಒಂದಿಷ್ಟು ಗೆಳೆಯರು ಸೇರಿ ವನಮಹೋತ್ಸವ ಮಾಡಿದ್ವಿ. ಗುಡ್ಡದ ಬುಡದ ಒಂದು ತುಂಡು ನೆಲ, ಕಾರೆ, ಬಾರಿ, ಮೊಣಕಾಲುದ್ದ ಹುಲ್ಲು. "ಈ ಕಸ ಎಲ್ಲಾ ತೆಗೆಸಿಬಿಡೋಣ" ಅಂದವನು ನಾನೇ. ಜೆಸಿಬಿ ತರಿಸಿದ್ವಿ. ಗುಂಡಿ ತೋಡಿ ಮುನ್ನೂರು ಸಸಿ ಇಟ್ವಿ, ಗುಲ್‌ಮೊಹರ್ ಹೆಚ್ಚು, ಹೂವಿಗೆ ಚಂದ ಅಂತ. ಬ್ಯಾನರ್ ಹಿಡಿದು ಫೋಟೋ. ಉಪ್ಪಿಟ್ಟು. ಮುಂದಿನ ಮಾರ್ಚ್‌ಗೆ ಮುನ್ನೂರರಲ್ಲಿ ಹನ್ನೊಂದು ಉಳಿದಿದ್ವು, ಅದರ ಮುಂದಿನ ಮಾರ್ಚ್‌ಗೆ ಸೊನ್ನೆ. ಈಗ ಅಲ್ಲಿ ಬಳ್ಳಾರಿ ಜಾಲಿ ಮತ್ತು ಲಂಟಾನ, ಒಳಗೆ ಕೈ ಹಾಕೋಕೂ ಜಾಗ ಇಲ್ಲ. ನೂರಾರು ವರ್ಷದಿಂದ ಮಾರ್ಚ್ ತಾಳಿಕೊಂಡ ಗಿಡ ಕಿತ್ತು, ಒಂದು ಮಾರ್ಚ್ ಕಂಡಿರದ ಸಸಿ ನೆಟ್ಟಿದ್ವಿ. ಫೋಟೋ ಇನ್ನೂ ಫೇಸ್‌ಬುಕ್‌ನಲ್ಲಿದೆ. ವರ್ಷಕ್ಕೊಮ್ಮೆ 'ನೆನಪು' ಅಂತ ತೋರಿಸಿ ನನ್ನ ಮಾನ ಕಳೆಯುತ್ತೆ.

ಗುಡ್ಡ ಏರೋ ದಾರಿ ಎತ್ತಿನ ಬಂಡಿ ಜಾಡು. ಒಣ ಎಲೆ ಹಪ್ಪಳದ ಹಾಗೆ ಸದ್ದು ಮಾಡುತ್ತೆ. ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಹತ್ತು ಮಾರು ಆಚೆ ಏನಿದೆ ಕಾಣೋದಿಲ್ಲ, ಎಲ್ಲಾ ಒಂದೇ ಹಸಿರು. ಈಗ ಒಂದೊಂದು ಮರವೂ ತನ್ನ ಮೈ ಬಿಟ್ಟು ತೋರಿಸ್ತಿತ್ತು. ದಿಂಡಿಗದ ಬೂದು ಬಿಳಿ ಬೊಡ್ಡೆ, ಹೊನ್ನೆ ಮರದಲ್ಲಿ ಚಕ್ಕುಲಿ ಬಿಲ್ಲೆ ಥರ ಜೋತಾಡೋ ಒಣಗಿದ ಕಾಯಿ, ತಪಸಿಯ ರೆಕ್ಕೆ ಬೀಜ ಗಾಳಿಗೆ ಚಿಟ್ಟೆಯ ಹಾಗೆ. ಈ ಮರಗಳಿಗೆ ಬೀಜ ಹಾರಿಸಬೇಕು ಅಂದ್ರೆ ಗಾಳಿ ಬೇಕು, ಗಾಳಿಗೆ ದಾರಿ ಬೇಕು ಅಂದ್ರೆ ಎಲೆ ಇರಬಾರದು. ನೀರು ಉಳಿಸೋದಕ್ಕೂ ಅಷ್ಟೇ, ಎಲೆ ಇದ್ದಷ್ಟೂ ನೀರು ಆವಿಯಾಗಿ ಹೋಗುತ್ತೆ. ಸತ್ತಂಗೆ ಕಾಣೋ ಮರ ಸಂಸಾರ ಬಲು ಲೆಕ್ಕಾಚಾರದಿಂದ ನಡೆಸ್ತಿರುತ್ತೆ, ನಮ್ಮ ಅವ್ವ ಬ್ಯಾಸಿಗಿಯಲ್ಲಿ ಕೊಡ ನೀರಲ್ಲಿ ಮನೆ ನಡೆಸಿದ ಹಾಗೆ.

ಒಂದು ತಿರುವಿನಲ್ಲಿ ಅಳಿಯ ತಾನಾಗೇ ನಿಂತ. ಬಂಡೆ ಸಂದಿಯಲ್ಲಿ ಒಂದು ಮರ, ಒಂದೂ ಎಲೆ ಇಲ್ಲ, ಕೊಂಬೆ ತುದಿಗೆಲ್ಲ ಅಂಗೈಯಗಲದ ಅರಿಶಿಣ ಹೂವು. ಬೆಟ್ಟದಾವರೆ. ಅದರ ಕೆಳಗೆ ಮುತ್ತುಗ ಕೆಂಡ ಹಚ್ಚಿಕೊಂಡು ನಿಂತಿತ್ತು. ಹೂವಿಗೆ ಗೊರವಂಕ, ಸೂರಕ್ಕಿ ಮುಗಿಬಿದ್ದು ಜಗಳ ಆಡ್ತಿದ್ವು. ಸೆಪ್ಟೆಂಬರ್‌ನಲ್ಲಿ ಬಂದವನಿಗೆ ಇದು ಸಿಗೋದಿಲ್ಲ. "ಈಗ ಪರವಾಗಿಲ್ಲ" ಅಂದ. ಬೆಂಗಳೂರಿನವರು ಪರವಾಗಿಲ್ಲ ಅಂದ್ರೆ ಭಾರಿ ಆಯ್ತು ಅಂತ ಅರ್ಥ.

ಮುತ್ತುಗದ ಹಳೆ ಎಲೆ ಒಂದು ಕೆಳಗೆ ಬಿದ್ದಿತ್ತು. ಎತ್ತಿಕೊಂಡು ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿ ತೋರಿಸಿದೆ. ಬೆರಳು ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಎಲೆಯಲ್ಲಿ ಬೆರಳಗಲದ ಒಂದು ಹಾದಿ ಮೂಡಿತು. ರಸ್ತೆ ಎರಡು ಕಿಲೋಮೀಟರ್ ದೂರ. ಲಾರಿಗೆ ತಾಡಪಾಲು ಕಟ್ತಾರೆ, ಟ್ಯಾಂಕರ್‌ನಲ್ಲಿ ನೀರು ಹೊಡೀತಾರೆ, ಮೊದಲಿನಷ್ಟು ಧೂಳಿಲ್ಲ, ಅದು ನಿಜ. ಆದ್ರೂ ಇಷ್ಟು. ಹತ್ತಿ ಬೆಳೆದವರನ್ನ ಕೇಳ್ರಿ, ದಲಾಲಿ ಅರಳೆ ಹಿಡಿದು ನೋಡಿ ಕ್ವಿಂಟಲ್‌ಗೆ ಎಷ್ಟು ಇಳಿಸ್ತಾನೆ ಅಂತ ಹೇಳ್ತಾರೆ.

ಅಷ್ಟರಲ್ಲಿ ಮೇಲಿಂದ ಗಂಟೆ ಸದ್ದು. ಆಡು ಕಾಯೋ ತಾತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಕುಡುಗೋಲು. ನನ್ನ ಅಪ್ಪನ ವಾರಿಗೆಯವನು.

"ಏನ್ ತಾತ, ಮೇವಿಲ್ಲಲ್ಲ ಈಗ?" ಅಂದೆ.

"ಯಾಕಿಲ್ಲ? ಹುಲ್ಲಿಲ್ಲ ಅನ್ನು. ಜಾಲಿಕಾಯಿ ಐತಿ, ಮುತ್ತಲ ಹೂವು ಐತಿ, ಬಾರಿ ಎಲಿ ಐತಿ. ಇನ್ನ ಹದಿನೈದು ದಿನಕ್ಕ ತೂಬ್ರ ಚಿಗರತೈತಿ."

"ಎಲ್ಲಾ ಒಣಗಿ ಬೋಳಾಗಿದೆಯಲ್ಲ ತಾತ, ಬೇಜಾರಾಗಲ್ವಾ?" ಇದು ಅಳಿಯ.

ತಾತ ಅವನನ್ನ ಮೇಲಿಂದ ಕೆಳಗೆ ನೋಡಿದ. "ಬ್ಯಾಸ್ರ ಯಾಕಪ? ಎಲಿ ಇದ್ದಾಗ ಕರಡಿ ಎದ್ರಿಗೆ ಬರೂತನಕ ಕಾಣಂಗಿಲ್ಲ. ಈಗ ಅದಕ್ಕೂ ನಾವ್ ಕಾಣ್ತೀವಿ, ನಮಗೂ ಅದು ಕಾಣತೈತಿ. ಅದರ ದಾರಿ ಅದು, ನಮ್ಮ ದಾರಿ ನಮ್ದು."

ತಾತನನ್ನ ನಾನೇನು ದೇವರು ಮಾಡೋಕೆ ಹೊರಟಿಲ್ಲ. ಅವನ ಆಡು ಎಳೆ ಸಸಿ ತಿಂತಾವೆ, ಅದೂ ಕಾಡಿಗೆ ಪೆಟ್ಟೇ. ಹೊಸ ಹುಲ್ಲು ಚಿಗುರಲಿ ಅಂತ ಒಣ ಹುಲ್ಲಿಗೆ ಬೆಂಕಿ ಇಡೋರೂ ಇದ್ದಾರೆ. ಅದನ್ನ ಕೇಳಿದ್ರೆ "ನಾ ಇಟ್ಟಿಲ್ಲಪ" ಅಂತ ನಕ್ಕು ಬೀಡಿ ಹಚ್ಚಿದ. ಬೀಡಿ ಆರಿಸಿ ಮಣ್ಣಲ್ಲಿ ಹೂತು ನಡಿ ಅಂದೆ, ಹೂತ.

ಹೊರಡೋ ಮುಂಚೆ ಕೋಲಿನಿಂದ ದಾರಿ ಬದಿ ತೋರಿಸಿದ. "ನೋಡ್ರಿ, ಮೂರು ದಿನದ್ದು."

ಕರಡಿ ಹಾಕಿದ್ದು. ಒಂದು ತಾಟಿನಷ್ಟು, ಕರ್ರಗೆ, ಒಣಗಿ ಬಿರುಕು ಬಿಟ್ಟಿದೆ. ಅಳಿಯ ಹಿಂದೆ ಸರಿದ. ನಾನು ಕೂತು ಕಡ್ಡಿಯಿಂದ ಕೆದಕಿದೆ. ಒಳಗೆ ತುಂಬಾ ಬೀಜ. ಚಪ್ಪಟೆ, ಕಂದು, ಅರಿಷ್ಟದ ಬಾಟಲಿ ಬಣ್ಣದ ಹೊಳಪು. ಕಕ್ಕೆ ಬೀಜ. ಕಕ್ಕೆ ಕಾಯಿ ನೋಡಿದೀರಲ್ಲ, ಮೊಳದುದ್ದ ಕರಿ ಕೋಲು? ಅದನ್ನ ಮುರಿದ್ರೆ ಒಳಗೆ ನಾಣ್ಯ ಪೇರಿಸಿಟ್ಟ ಹಾಗೆ ಅರೆಗಳು, ಒಂದೊಂದು ಅರೆಗೆ ಒಂದೊಂದು ಬೀಜ, ಸುತ್ತ ಕರಿ ಬೆಲ್ಲದಂಥ ತಿರುಳು. ಮನುಷ್ಯರು ಹೊಟ್ಟೆ ಕಟ್ಟಿದ್ರೆ ಔಷಧಿ ಅಂತ ಚಿಟಿಕೆ ತಿಂತಾರೆ. ಕರಡಿ ಕಾಯಿಗಟ್ಟಲೆ ತಿನ್ನುತ್ತೆ, ಪರಿಣಾಮ ನಮ್ಮ ಕಣ್ಣ ಮುಂದಿತ್ತು. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ನೆಲಕ್ಕೆ ಬಿದ್ದದ್ದು ಸುಮ್ಮನೆ ಮೊಳೆಯೋದಿಲ್ಲ. ಕರಡಿ ಹೊಟ್ಟೆಯಲ್ಲಿ ಒಂದು ಸುತ್ತು ಹೊಡೆದು ಬಂದ್ರೆ ಸಿಪ್ಪೆ ಸಡಿಲ. ಗೊಬ್ಬರ ಸಮೇತ ಬಿತ್ತನೆ, ಗುಂಡಿ ತೋಡೋ ಖರ್ಚಿಲ್ಲ, ಬ್ಯಾನರ್ ಇಲ್ಲ, ಉಪ್ಪಿಟ್ಟೂ ಇಲ್ಲ. ಗುಡ್ಡದಾಚೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯ್ತಲ್ಲ, ಅಲ್ಲಿ ನೋಡುಗರಿಗೆ ಕಾಣಲಿ ಅಂತ ಬಂಡೆಗೆ ಬೆಲ್ಲದ ಪಾಕ ಸವರ್ತಾರೆ. ಇಲ್ಲಿ ಯಾರೂ ಸವರೋದಿಲ್ಲ. ಕಕ್ಕೆ ಇರೋ ತನಕ ಕರಡಿಗೆ ಪಾಕ ಬೇಕಾಗಿಲ್ಲ.

ಈಗ ನನ್ನ ತಕರಾರು.

2024ರಲ್ಲಿ ನಮ್ಮ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಹೊಸ ಗಣಿ ತೆರೆಯೋ ವಿಚಾರ ಜೋರಾದಾಗ ಎಲ್ಲಾ ಪೇಪರ್‌ನಲ್ಲಿ ಒಂದು ಅಂಕಿ ಬಂತು. ಗಣಿಗೆ ಹೋಗೋದು ಸುಮಾರು 401 ಹೆಕ್ಟೇರ್ ಅರಣ್ಯ, 99,330 ಮರ. ಗಣಿ ಬೇಡ ಅನ್ನೋರೂ ಅದೇ ಅಂಕಿ ಹೇಳಿದ್ರು, ಬೇಕು ಅನ್ನೋರೂ "ಅದರ ಬದಲಿಗೆ ಸಸಿ ನೆಡ್ತೀವಿ" ಅಂತ ಅದೇ ಅಂಕಿ ಹಿಡಿದು ಮಾತಾಡಿದ್ರು. ನಾನು ತೂಕದ ಚೀಟಿ ಬರೆದವನು, ಅಂಕಿಯ ಮೇಲೆ ನನಗೆ ಭಕ್ತಿಯೂ ಇದೆ, ಗುಮಾನಿಯೂ ಇದೆ. ಮರ ಎಣಿಸೋದು ಅಂದ್ರೆ ಎದೆಯೆತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳೋದು. ಎದೆಯೆತ್ತರಕ್ಕೇ ಬಾರದ ಕಾರೆ? ಬಾರಿ? ಕವಳಿ? ಈ ಹುಲ್ಲು? ಹುಲ್ಲಿನ ಬುಡದ ಗೆದ್ದಲು ಹುತ್ತ, ಆ ಹುತ್ತಕ್ಕೆ ಬಾಯಿ ಹಾಕೋ ಕರಡಿ? ಕರಡಿ ಹೊಟ್ಟೆಯಲ್ಲಿರೋ ಕಕ್ಕೆ ಬೀಜವನ್ನ ಯಾವ ಕಾಲಮ್ಮಿನಲ್ಲಿ ಬರೀಬೇಕು? 99,330 ಮರಕ್ಕೆ ಬದಲಿ ಸಸಿ ಅನ್ನೋದು ನಮ್ಮ ಮುನ್ನೂರು ಗುಲ್‌ಮೊಹರ್‌ನ ದೊಡ್ಡಣ್ಣ, ಅಷ್ಟೇ.

ಇನ್ನೂ ಒಂದು ಎಣಿಕೆಗೆ ಸಿಗೋದಿಲ್ಲ, ನೀರು. ಅವತ್ತು ನಾವು ಕೊನೆಗೆ ಮುಟ್ಟಿದ್ದು ಒಂದು ಸಣ್ಣ ಒರತೆ, ಹೆಸರಿಲ್ಲದ್ದು. ಕುಮಾರಸ್ವಾಮಿ ದೇವಸ್ಥಾನದ ಹತ್ತಿರದ ಹರಿಶಂಕರ ತೀರ್ಥ ಎಲ್ಲರಿಗೂ ಗೊತ್ತು. ಅದರಂಥವೇ ಬಡ ನೆಂಟರು ಈ ಗುಡ್ಡಗಳಲ್ಲಿ ಅಲ್ಲಲ್ಲಿ ಇದ್ದಾರೆ. ಕೆಂಪು ಕಪ್ಪು ಪಟ್ಟೆ ಪಟ್ಟೆ ಕಲ್ಲಿನ ಸಂದಿಯಿಂದ ನೀರು ತೊಟ್ಟಿಕ್ತಾ ಇತ್ತು. ಅಳಿಯ ಫೋನಿನಲ್ಲಿ ಸಮಯ ನೋಡಿ ಎಣಿಸಿದ, ನಿಮಿಷಕ್ಕೆ ನಲವತ್ತು ಹನಿ. ಹೋದ ಮಳೆಗಾಲದಲ್ಲಿ ಗುಡ್ಡ ಕುಡಿದದ್ದನ್ನ ಮಾರ್ಚ್‌ನಲ್ಲಿ ಹನಿ ಹನಿಯಾಗಿ ಬಿಡ್ತಿದೆ. ಕೆಳಗೆ ನಾರಿಹಳ್ಳ, ಅದಕ್ಕೆ ತಾರಾನಗರದ ಹತ್ತಿರ ಡ್ಯಾಮು, ಆಚೆ ದರೋಜಿ ಕೆರೆ. ಮೇಲಿನ ಕಲ್ಲು ತೆಗೆದು ಲಾರಿಗೆ ತುಂಬಿದ್ರೆ ಅದರ ಜೊತೆ ಗುಡ್ಡದ ನೀರಿನ ಗಡಿಗೆಯೂ ಹೋಯ್ತು. ಹೊಲದವನಿಗೆ ಇದು ಗೊತ್ತಾಗೋದು ಸೆಪ್ಟೆಂಬರ್‌ನಲ್ಲಿ ಅಲ್ಲ, ಏಪ್ರಿಲ್‌ನಲ್ಲಿ, ಬೋರ್‌ವೆಲ್ ಬುಸುಗುಟ್ಟಿ ಗಾಳಿ ಬಿಟ್ಟಾಗ.

ಗಣಿ ಹಾಳುಗೆಡವಿದ್ದನ್ನ ಸರಿಪಡಿಸೋಕೆ ನಾಲ್ಕು ಜಿಲ್ಲೆಗೆ ಸೇರಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. ರಸ್ತೆ, ರೈಲು, ಆಸ್ಪತ್ರೆ, ಶಾಲೆ, ಎಲ್ಲಾ ಬೇಕು, ಬೇಡ ಅನ್ನೋಕೆ ನಾನ್ಯಾರು. ಕಾಡಿನ ಪಾಲಿನ ದುಡ್ಡಲ್ಲಿ ಮಾತ್ರ ದಯವಿಟ್ಟು ಗುಂಡಿ ತೋಡಬೇಡ್ರಿ. ಬೇಲಿ ಹಾಕಿ ಐದು ವರ್ಷ ಬಿಟ್ಟುಬಿಡ್ರಿ, ಲಂಟಾನ ಮತ್ತು ಬಳ್ಳಾರಿ ಜಾಲಿ ಕೀಳಿಸ್ರಿ, ಮಾರ್ಚ್ ಏಪ್ರಿಲ್‌ಗೆ ಬೆಂಕಿ ಬೀಳದ ಹಾಗೆ ಕಾಯೋಕೆ ನಮ್ಮ ತಾಂಡಾದ, ಹಟ್ಟಿಯ ಹುಡುಗರಿಗೆ ಪಗಾರ ಕೊಡ್ರಿ. ತಾತನಂಥವರಿಗೂ ಕೊಡ್ರಿ, ಆಗ ಬೀಡಿ ತಾನಾಗೇ ಹೂಳ್ತಾರೆ. ಇದಕ್ಕೆ ರಿಬ್ಬನ್ ಕತ್ತರಿಸೋ ಕಾರ್ಯಕ್ರಮ ಇರೋದಿಲ್ಲ ಅನ್ನೋದೊಂದೇ ತೊಂದರೆ.

ಸೆಪ್ಟೆಂಬರ್‌ನಲ್ಲಿ ಬರೋರು ಬರಲಿ, ನಮ್ಮ ಹೋಟೆಲ್‌ನವರಿಗೂ ನಾಲ್ಕು ಕಾಸು ಆಗಲಿ. ಆದ್ರೆ ಒಂದು ಸಲ ಮಾರ್ಚ್‌ನಲ್ಲಿ ಬಂದು ನೋಡ್ರಿ. ಬೆಳಿಗ್ಗೆ ಆರಕ್ಕೆ ಹೊರಟು ಒಂಬತ್ತಕ್ಕೆ ಇಳಿದುಬಿಡಬೇಕು, ಆಮೇಲೆ ಕಲ್ಲು ಕಾಯುತ್ತೆ. ಎರಡು ಬಾಟಲಿ ನೀರು ತನ್ನಿ, ಬೆಂಕಿಪೊಟ್ಟಣ ಬೇಡ, ಬಿಳಿ ಅಂಗಿ ಹಾಕ್ಕೊಂಡು ಬರಬೇಡಿ. ಎರಡು ದಿನ ಮೊದಲೇ ಹೇಳಿದ್ರೆ ತಾತ ಆಡು ಯಾವ ಕಡೆ ಹೊಡೀತಾನೋ ಕೇಳಿಟ್ಟಿರ್ತೀನಿ.

ಅಳಿಯ ಅವತ್ತು ರಾತ್ರಿ ಬಸ್ಸಿಗೆ ಹೋದ. ಬೆಟ್ಟದಾವರೆ ಫೋಟೋ ಹಾಕ್ತಾನೆ ಅಂತ ನಾನು ಕಾಯ್ತಾ ಇದ್ದೆ. ಮರುದಿನ ಬೆಳಿಗ್ಗೆ ಅಕ್ಕನ ಫೋನು: "ಏನ್ ತೋರಿಸಿ ಕಳಿಸಿದ್ಯೋ ಹುಡುಗಗ? ಸ್ಟೇಟಸ್‌ಗೆ ಕರಡಿ ಹೇಲು ಹಾಕ್ಯಾನ!"